ಹ್ಯಾಂಡ್‌ಬಾಲ್‌ನಲ್ಲಿ ಡೆನ್ಮಾರ್ಕಿನ ಮಿಕೆಲ್ ಹ್ಯಾನ್ಸನ್ ಥರ ಗೋಲಿಗೆ ಒಂಬತ್ತು ಮೀಟರಿನಿಂದ ಹೊಡೆಯಲು ಜಿಮ್‌ನಲ್ಲಿ ಎಷ್ಟು ಭಾರ ಎತ್ತಬೇಕು?

ನಾನೂ ಅವರಂತೆ ಲೆಫ್ಟ್ ಬ್ಯಾಕ್, ಅಂದರೆ ಎಡಬದಿಯಿಂದ ದೂರದ ಎಸೆತ ಎಸೆಯುವ ಜಾಗದಲ್ಲಿ ಆಡಿದವನು. ಹದಿನೇಳರಲ್ಲಿ ನನ್ನ ತಲೆಯಲ್ಲಿದ್ದದ್ದೂ ಇದೇ ಪ್ರಶ್ನೆ. ಆದರೆ ಹ್ಯಾನ್ಸನ್ ಆಟದಲ್ಲಿ ನೀವು ಭುಜವನ್ನು ನೋಡುತ್ತಿದ್ದೀರಿ, ನೋಡಬೇಕಾದದ್ದು ಕಾಲನ್ನು ಮತ್ತು ಕಣ್ಣನ್ನು.

ಅವರ ಎತ್ತರ 1.96 ಮೀಟರ್, ನಿಜ. ಅಷ್ಟೇ ಎತ್ತರದ, ಅಷ್ಟೇ ಬಿರುಸಾಗಿ ಎಸೆಯುವ ಬ್ಯಾಕ್‌ಗಳು ಯುರೋಪಿನಲ್ಲಿ ಬೇಕಾದಷ್ಟಿದ್ದಾರೆ. 2011, 2015, 2018ರಲ್ಲಿ ವಿಶ್ವದ ಶ್ರೇಷ್ಠ ಆಟಗಾರ ಆದದ್ದು ಮಾತ್ರ ಇವರು. ಡೆನ್ಮಾರ್ಕಿನ ಜಿಒಜಿ ಕ್ಲಬ್ಬಿನಿಂದ 2008ರಲ್ಲಿ ಬಾರ್ಸಿಲೋನಾ, 2010ರಲ್ಲಿ ಕೋಪನ್‌ಹೇಗನ್ನಿನ ಎಜಿ, ಆ ಕ್ಲಬ್ಬು ದಿವಾಳಿಯಾದ ಮೇಲೆ 2012ರಿಂದ ಹತ್ತು ವರ್ಷ ಪ್ಯಾರಿಸ್ ಸೇಂಟ್ ಜರ್ಮೇನ್, ಕೊನೆಗೆ ಮತ್ತೆ ಡೆನ್ಮಾರ್ಕಿನ ಆಲ್ಬೋರ್. ಎಲ್ಲಿ ಹೋದರೂ ಡಿಫೆಂಡರ್ ಎದುರಿಗೆ ಬರುವ ತನಕ ಅವರು ಏನು ಮಾಡುತ್ತಾರೆಂದು ಗೊತ್ತಾಗುತ್ತಿರಲಿಲ್ಲ.

ನಮ್ಮ ಹುಡುಗರ ಗೋಲು ಕೈತಪ್ಪುವುದು ಇಲ್ಲೇ. ಚೆಂಡು ಸಿಕ್ಕ ಕೂಡಲೇ, ಮೊದಲ ಹೆಜ್ಜೆಯಲ್ಲೇ ಹೊಡೆಯಲು ನಿರ್ಧರಿಸಿಬಿಡುತ್ತಾರೆ. ಬಲಗೈಯವರಾದರೆ ಎಡ, ಬಲ, ಎಡ ಮೂರು ಹೆಜ್ಜೆ ಹಾಕಿ ಎಡಗಾಲಲ್ಲಿ ಮೇಲೇಳುತ್ತೀರಿ. ತೀರ್ಮಾನ ಮೊದಲೇ ಆಗಿದ್ದರೆ ಕೈ ಬೇಗ ಹಿಂದಕ್ಕೆ ಹೋಗುತ್ತದೆ, ಕಣ್ಣು ಗೋಲಿನ ಒಂದೇ ಮೂಲೆಗೆ ಅಂಟಿಕೊಳ್ಳುತ್ತದೆ. ಡಿಫೆಂಡರಿಗೆ ಅಷ್ಟು ಸಾಕು. ಅವನು ನಿಮ್ಮ ಎಸೆಯುವ ಕೈಗೆ ಎದುರಾಗಿ ನಿಂತು ಗೋಲಿನ ಒಂದು ಬದಿ ಮುಚ್ಚುತ್ತಾನೆ, ಇನ್ನೊಂದು ಬದಿಯಲ್ಲಿ ಕೀಪರ್ ಕಾಯುತ್ತಾನೆ. ಆಮೇಲೆ ಎಷ್ಟು ಜೋರಾಗಿ ಹೊಡೆದರೂ ಚೆಂಡು ಅವರಿಬ್ಬರಲ್ಲಿ ಒಬ್ಬರ ಪಾಲು. ನಿಮ್ಮ ಮುಂದೆ ಪಿವಟ್, ಅಂದರೆ ಗೋಲಿನ ಹತ್ತಿರ ಡಿಫೆಂಡರ್‌ಗಳ ನಡುವೆ ನಿಲ್ಲುವ ನಿಮ್ಮದೇ ತಂಡದವನು, ಖಾಲಿ ನಿಂತಿದ್ದರೂ ನಿಮಗೆ ಕಾಣುವುದಿಲ್ಲ.

ಹ್ಯಾನ್ಸನ್ ಎರಡನೇ ಹೆಜ್ಜೆಯವರೆಗೆ ಚೆಂಡನ್ನು ಎದೆಯ ಹತ್ತಿರವೇ ಇಟ್ಟುಕೊಳ್ಳುತ್ತಿದ್ದರು. ಡಿಫೆಂಡರ್ ಮುಂದೆ ನುಗ್ಗಿದರೆ ಅವನ ಬೆನ್ನ ಹಿಂದಿನ ಪಿವಟ್‌ಗೆ ಮಣಿಕಟ್ಟಿನ ಪಾಸ್. ಅವನು ಕೈಯೆತ್ತಿ ನಿಂತರೆ ಹಾರುವುದೇ ಇಲ್ಲ, ಅವನ ಸೊಂಟದ ಪಕ್ಕದಿಂದ ಕೆಳಗೆ ಎಸೆತ. ಹಿಂದೆ ಸರಿದರೆ ಮಾತ್ರ ಹಾರಿ ಎಸೆಯುವ ಜಂಪ್ ಶಾಟ್. 2019ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 72 ಗೋಲು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ 61 ಗೋಲು ಬಂದದ್ದು ಇಂಥ ಆಯ್ಕೆಗಳಿಂದ, ಜೊತೆಗೆ ಏಳು ಮೀಟರ್ ಪೆನಾಲ್ಟಿಗಳಿಂದ. 2022ರಲ್ಲಿ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತು, 2023ರಲ್ಲಿ ಮಾನಸಿಕ ಒತ್ತಡದಿಂದ ಆಟ ಬಿಟ್ಟು ಕೂತರು. ಆದರೂ ಪ್ಯಾರಿಸ್ 2024ರ ಚಿನ್ನದ ತಂಡದಲ್ಲಿದ್ದರು. ಆಗ ಗೋಲಿನ ಭಾರ ತಂಡದ ಕಿರಿಯರಾದ ಗಿಡ್ಸೆಲ್, ಪಿಟ್ಲಿಕ್ ಹೆಗಲಿಗೆ ಬಂದಿತ್ತು, 36ರ ಹ್ಯಾನ್ಸನ್‌ರನ್ನು ತಂಡದಲ್ಲಿ ಉಳಿಸಿದ್ದು ತೋಳಿನ ಬಲವಲ್ಲ.

ಆದ್ದರಿಂದ ಭಾರ ಎತ್ತುವುದನ್ನು ಸದ್ಯಕ್ಕೆ ಬಿಡಿ. ಗೋಲಿನ ಮುಂದಿನ ಆರು ಮೀಟರ್ ಗೆರೆಯ ಬಳಿ ಒಬ್ಬ ಪಿವಟ್, ಅವನ ಮುಂದೆ ಒಬ್ಬ ಡಿಫೆಂಡರ್ ನಿಲ್ಲಲಿ. ನೀವು ಹನ್ನೊಂದು ಮೀಟರಿನಿಂದ ಓಡಿ ಬನ್ನಿ. ನಿಮ್ಮ ಎರಡನೇ ಹೆಜ್ಜೆ ಊರಿದಾಗಲೇ ಡಿಫೆಂಡರ್ ಮುಂದೆ ಬರಬೇಕು, ಇಲ್ಲ ಕೈಯೆತ್ತಬೇಕು, ಇಲ್ಲ ಹಿಂದೆ ಸರಿಯಬೇಕು. ಯಾವುದೆಂದು ಮೊದಲೇ ಹೇಳಕೂಡದು. ಹತ್ತು ಸಲ ಆದ ಮೇಲೆ ಎರಡು ನಿಮಿಷ ಬಿಡುವು, ಹೀಗೆ ನಾಲ್ಕು ಸುತ್ತು. ಸುಸ್ತಾದ ಕಾಲಿಗೆ ಇದು ಬರುವುದಿಲ್ಲ, ಅಭ್ಯಾಸದ ಶುರುವಿನಲ್ಲೇ ಮಾಡಿ. ಚೆಂಡು ಮೂರನೇ ಸೈಜಿನದೇ ಇರಲಿ, 425ರಿಂದ 475 ಗ್ರಾಂ. ತಲೆಯ ಮೇಲಿಂದ ಎಸೆಯುವಾಗ ಮೊಣಕೈ ಭುಜಕ್ಕಿಂತ ಕೆಳಗಿಳಿದರೆ ಭುಜ ನೋಯಬಹುದು. ಭುಜಕ್ಕೇನಾದರೂ ಮಾಡಲೇಬೇಕು ಅಂದರೆ ರಬ್ಬರ್ ಬ್ಯಾಂಡ್ ಕಟ್ಟಿ ತೋಳನ್ನು ಹೊರಕ್ಕೆ ತಿರುಗಿಸುವ ವ್ಯಾಯಾಮ, ಹನ್ನೆರಡರಂತೆ ಮೂರು ಸುತ್ತು, ವಾರಕ್ಕೆ ಮೂರು ದಿನ.