ಡಯಾಲಿಸಿಸ್ ಮಾಡಿಸೋ ಅಪ್ಪನಿಗೆ ಫಿಸ್ಟುಲಾ ಇರೋ ಕೈಯೇ ಮುರಿದಿದೆ, ಆಪರೇಷನ್ ಮಾಡಿಸಬಹುದಾ?

ಮಾಡಿಸಬಹುದು. ಡಯಾಲಿಸಿಸ್ ಇದೆ ಅನ್ನೋ ಒಂದೇ ಕಾರಣಕ್ಕೆ ಆಪರೇಷನ್ ಆಗಲ್ಲ ಅಂತೇನಿಲ್ಲ. ನಿಮ್ಮ ತಂದೆಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್, ಎಡಗೈ ಮಣಿಕಟ್ಟಲ್ಲಿ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚೋಕೆ ಅಂತ ಅಪಧಮನಿಗೆ ಅಭಿಧಮನಿ ಸೇರಿಸಿ ಮಾಡಿರೋ ಜೋಡಣೆ), ನಿನ್ನೆ ಬಿದ್ದು ಅದೇ ಕೈ ಮುರಿದಿದೆ ಅಂತ ಬರೆದಿದ್ದೀರಿ. ಎರಡು ವರ್ಷದ ಹಿಂದೆ ನಮ್ಮಮ್ಮನಿಗೂ ಹೀಗೇ ಆಗಿತ್ತು. ನಾನು ಡಾಕ್ಟರಲ್ಲ, ಅವರ ಜೊತೆ ಆಸ್ಪತ್ರೆ ಓಡಾಡಿ ತಿಳ್ಕೊಂಡಿದ್ದನ್ನ ಹೇಳ್ತೀನಿ.

ಅಮ್ಮ ಡಯಾಲಿಸಿಸ್ ಮುಗಿಸಿ ಹನುಮಂತನಗರದ ಮನೆ ಮುಂದೆ ಆಟೋ ಇಳಿಯೋವಾಗ ಬಿಪಿ ಇಳಿದು, ಕಣ್ಣು ಕತ್ತಲೆ ಬಂದು ಬಿದ್ರು. ಹತ್ತಿರದ ಒಂದು ನರ್ಸಿಂಗ್ ಹೋಮಲ್ಲಿ ಸ್ಲ್ಯಾಬ್ (ಅರ್ಧ ಪ್ಲಾಸ್ಟರ್ ಇಟ್ಟು ಬ್ಯಾಂಡೇಜ್ ಸುತ್ತೋದು) ಹಾಕಿ, ನೋವಿಗೆ ಡೈಕ್ಲೋಫೆನಾಕ್ ಬರೆದು ಕಳಿಸಿದ್ರು. ನೆಫ್ರಾಲಜಿ (ಕಿಡ್ನಿ) ಡಾಕ್ಟರಿಗೆ ಫೋನ್ ಮಾಡಿದ್ರೆ, ಅದನ್ನ ಕೊಡ್ಲೇಬೇಡಿ, ಉಳಿದಿರೋ ಅಷ್ಟಿಷ್ಟು ಮೂತ್ರವೂ ನಿಂತುಹೋಗಬಹುದು, ಪ್ಯಾರಾಸಿಟಮಾಲ್ ಕೊಡಿ ಅಂದ್ರು.

ಅವತ್ತು ರಾತ್ರಿ ಅಮ್ಮನ ಬೆರಳು ಊದಿ ಬದನೆಕಾಯಿ ಥರ ಆಗಿತ್ತು. ಫಿಸ್ಟುಲಾ ಮೇಲೆ ಕೈಯಿಟ್ರೆ, ಓಡ್ತಿರೋ ಮಿಕ್ಸಿ ಮುಟ್ಟಿದ ಹಾಗೆ ಸಣ್ಣಗೆ ಅದುರುತ್ತಲ್ಲ, ಅದು ಸಿಕ್ತಾನೇ ಇರಲಿಲ್ಲ. ಹನ್ನೊಂದು ಗಂಟೆಗೆ ದೊಡ್ಡಾಸ್ಪತ್ರೆಗೆ ಓಡಿದ್ವಿ. ಬ್ಯಾಂಡೇಜನ್ನ ಉದ್ದಕ್ಕೂ ಕತ್ತರಿಸಿ ಸಡಿಲ ಮಾಡಿ, ಕೈ ಎತ್ತರಕ್ಕಿಟ್ರು. ಸ್ವಲ್ಪ ಹೊತ್ತಿಗೆ ಆ ಅದುರು ಮತ್ತೆ ಬೆರಳಿಗೆ ಸಿಕ್ತು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಫಿಸ್ಟುಲಾ ಹೋದ್ರೆ ಹೊಸದು ಮಾಡಿ, ಅದು ಬಲಿಯೋಕೆ ತಿಂಗಳುಗಟ್ಟಲೆ ಕಾಯಬೇಕು.

ಮೂಳೆ ಜರುಗದೆ ನೆಟ್ಟಗಿದ್ರೆ ಐದಾರು ವಾರ ಪ್ಲಾಸ್ಟರ್ ಸಾಕು. ಅಮ್ಮನದು ಕೀಲಿನ ಒಳಗೇ ಒಡೆದು ಜರುಗಿತ್ತು, ಅದಕ್ಕೆ ಪ್ಲೇಟ್ ಹಾಕಿದ್ರು. ಕಿಡ್ನಿ ಕೆಟ್ಟವರಲ್ಲಿ ಫಾಸ್ಫರಸ್, ಪ್ಯಾರಾಥೈರಾಯ್ಡ್ ಹಾರ್ಮೋನು ಏರುಪೇರಾಗಿ ಮೂಳೆ ಟೊಳ್ಳಾಗಿರುತ್ತೆ, ಸ್ಕ್ರೂ ಗಟ್ಟಿಯಾಗಿ ಹಿಡಿಯಲ್ಲ. ಅದಕ್ಕೇ ಸ್ಕ್ರೂ ಪ್ಲೇಟಿಗೇ ಬಿಗಿಯಾಗೋ ಲಾಕಿಂಗ್ ಪ್ಲೇಟ್ ಬಳಸ್ತಾರೆ. ಅಂಗೈ ಕಡೆಯಿಂದ ಕೊಯ್ಯೋವಾಗ ಪಕ್ಕದಲ್ಲೇ ರೇಡಿಯಲ್ ಅಪಧಮನಿ ಇರುತ್ತೆ, ಮಣಿಕಟ್ಟಿನ ಫಿಸ್ಟುಲಾ ಜೋಡಿಸಿರೋದು ಆ ಅಪಧಮನಿಗೇ. ಹಾಗಾಗಿ ಆರ್ಥೋ ಡಾಕ್ಟರು, ನೆಫ್ರಾಲಜಿ ಡಾಕ್ಟರು, ಅನಸ್ತೇಶಿಯಾ ಡಾಕ್ಟರು ಮೂವರೂ ಮೊದಲೇ ಮಾತಾಡಿಕೊಳ್ಳಲೇಬೇಕು. ಅವರಾಗೇ ಮಾತಾಡ್ತಾರೆ ಅಂತ ಕಾಯಬೇಡಿ, ನೀವೇ ನಿಂತು ಫೋನ್ ಹಚ್ಚಿ ಕೊಡಿ. ನಾನು ಹಾಗೇ ಮಾಡಿದ್ದು. ತೋಳಿಗೆ ಟೂರ್ನಿಕೆಟ್ (ಆಪರೇಷನ್ ವೇಳೆ ರಕ್ತದ ಹರಿವು ನಿಲ್ಲಿಸೋ ಪಟ್ಟಿ) ಬಿಗಿಯೋ ಬಗ್ಗೆ ಖಂಡಿತ ಕೇಳಿ. ಅಮ್ಮನಿಗೆ ಅದಿಲ್ಲದೇ ಮಾಡಿದ್ರು.

ಆಪರೇಷನ್ನಿನ ಹಿಂದಿನ ದಿನ ಹೆಪಾರಿನ್ (ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಔಷಧಿ) ಇಲ್ಲದೆ ಡಯಾಲಿಸಿಸ್ ಆಯ್ತು, ಬೆಳಿಗ್ಗೆ ಪೊಟ್ಯಾಸಿಯಂ ನೋಡಿದ್ರು. ಪೂರ್ತಿ ಮತ್ತು ಬರಿಸದೆ, ಕತ್ತಿನ ಬುಡದಲ್ಲಿ ಇಂಜೆಕ್ಷನ್ ಕೊಟ್ಟು ಕೈ ಮಾತ್ರ ಮರಗಟ್ಟಿಸಿದ್ರು. ಊತ ಇಳಿಯೋವರೆಗೆ ಕುತ್ತಿಗೆಗೆ ಹಾಕಿದ ಕ್ಯಾಥೆಟರ್ ಅನ್ನೋ ಕೊಳವೆಯಿಂದ ಡಯಾಲಿಸಿಸ್ ನಡೀತು.

ವಾರ್ಡಲ್ಲಿ ಫಿಸ್ಟುಲಾ ಕೈಗೆ ಬಿಪಿ ಪಟ್ಟಿ ಸುತ್ತೋಕೆ, ಸೂಜಿ ಚುಚ್ಚೋಕೆ ಬಿಡಬೇಡಿ. ರಾತ್ರಿ ಪಾಳಿಗೆ ಬಂದ ಹುಡುಗಿ ಪಟ್ಟಿ ಸುತ್ತಿಯೇಬಿಟ್ಟಿದ್ಲು, ಅಮ್ಮನೇ ಎಚ್ಚರವಾಗಿ ತಡೆದ್ರು. ಮಂಚದ ತಲೆ ಹತ್ರ ಕನ್ನಡದಲ್ಲಿ ದಪ್ಪಕ್ಷರದ ಚೀಟಿ ಅಂಟಿಸಿ.

ಈಗ ಇದನ್ನ ಓದ್ತಿರೋವಾಗಲೇ ಹೋಗಿ ಅಪ್ಪನ ಫಿಸ್ಟುಲಾ ಮುಟ್ಟಿ ನೋಡಿ. ಬ್ಯಾಂಡೇಜ್ ಅಡ್ಡ ಇದ್ರೆ ಅದರ ಮೇಲ್ಗಡೆ ಫಿಸ್ಟುಲಾದ ರಕ್ತನಾಳದ ಮೇಲೆ ಕಿವಿಯಿಟ್ಟು ರಕ್ತ ಹರಿಯೋ ಸದ್ದು ಕೇಳಿ. ಅದುರು ಅಥವಾ ಸದ್ದು ಇಲ್ಲ ಅನ್ನಿಸಿದ್ರೆ ನಾಳೆಯವರೆಗೆ ಕಾಯಬೇಡಿ, ತಕ್ಷಣ ಹೊರಡಿ.