ಮಯಾಮಿಯ ಆರ್ಥಿಕತೆ ಮತ್ತು ಅಪರಾಧವನ್ನು ಕೊಕೇನ್ ಹೇಗೆ ಬದಲಿಸಿತು?

ಇದು ಅರ್ಥವಾಗಬೇಕಾದರೆ ಮೊದಲು ನೋಟಿನ ಕಂತೆಗಳನ್ನು ನೋಡಬೇಕು. ಕೊಲಂಬಿಯಾದಿಂದ ದೋಣಿ, ಸಣ್ಣ ವಿಮಾನಗಳಲ್ಲಿ ಬರುತ್ತಿದ್ದ ಕೊಕೇನ್ ಮಾರಾಟವಾಗುತ್ತಿದ್ದುದು ನಗದಿಗೆ. ಆ ದುಡ್ಡು ಚೀಲ, ರಟ್ಟಿನ ಡಬ್ಬಗಳಲ್ಲಿ ಬ್ಯಾಂಕಿಗೆ ಬರುತ್ತಿತ್ತು. 10,000 ಡಾಲರ್ ದಾಟಿದ ನಗದು ಜಮೆಯನ್ನು ಸರ್ಕಾರಕ್ಕೆ ತಿಳಿಸಲೇಬೇಕಿತ್ತು. ಆದರೂ ಕೆಲವು ಬ್ಯಾಂಕುಗಳು ಕಣ್ಣು ಮುಚ್ಚಿಕೊಂಡವು. 1979ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಮಯಾಮಿ ಶಾಖೆಯಲ್ಲಿ 500 ಕೋಟಿ ಡಾಲರ್‌ಗೂ ಜಾಸ್ತಿ ಹೆಚ್ಚುವರಿ ನಗದು ಸೇರಿತ್ತು! ಮನೆ, ಕಾರು, ಒಡವೆ ವ್ಯಾಪಾರಕ್ಕೂ ಈ ಹಣ ಹರಿಯಿತು. ಹಾಗಂತ ನಗರ ಬೆಳೆದದ್ದು ಇದರಿಂದ ಮಾತ್ರ ಅಲ್ಲ. ಲ್ಯಾಟಿನ್ ಅಮೆರಿಕದ ಜೊತೆ ನಡೆದ ನ್ಯಾಯವಾದ ವ್ಯಾಪಾರ, ಪ್ರವಾಸೋದ್ಯಮದ ಪಾಲೂ ದೊಡ್ಡದು.

ಬೆಲೆ ತೆತ್ತದ್ದು ಮಾತ್ರ ಇಡೀ ಊರು. 1979ರ ಜುಲೈ 11ರಂದು ಹಾಡಹಗಲೇ ಡೇಡ್‌ಲ್ಯಾಂಡ್ ಮಾಲ್‌ನ ಮದ್ಯದಂಗಡಿಯಲ್ಲಿ ಇಬ್ಬರನ್ನು ಗುಂಡಿಟ್ಟು ಕೊಂದರು. ಕೊಲೆಗಾರರು ಬಂದ ವ್ಯಾನಿನ ಮೇಲೆ ಪಾರ್ಟಿ ಸಾಮಾನಿನ ಅಂಗಡಿಯ ಹೆಸರಿತ್ತು. ಒಳಗೆ ರಾಶಿ ಬಂದೂಕು. 1981ರಲ್ಲಿ ಮಯಾಮಿ ಇರುವ ಡೇಡ್ ಕೌಂಟಿಯಲ್ಲಿ (ಜಿಲ್ಲೆಯಲ್ಲಿ) 600ಕ್ಕೂ ಹೆಚ್ಚು ಕೊಲೆಗಳಾದವು. ಶವಾಗಾರದಲ್ಲಿ ಜಾಗ ಸಾಲದೆ ಹೆಣ ಇಡಲು ಶೀತಲ ಲಾರಿ ಬಾಡಿಗೆಗೆ ತಂದರು. ಎಷ್ಟು ಸಂಕಟದ ಮಾತು, ಅಲ್ವಾ? ಕೊನೆಗೆ ಪೊಲೀಸರೂ ಕೆಟ್ಟರು. 1985ರಲ್ಲಿ ಕೆಲವು ಪೊಲೀಸರೇ ದೋಣಿಯಿಂದ ಕೊಕೇನ್ ದೋಚಲು ಹೋದಾಗ, ಹೆದರಿ ಮಯಾಮಿ ನದಿಗೆ ಹಾರಿದ ಮೂವರು ಕಳ್ಳಸಾಗಣೆದಾರರು ಮುಳುಗಿ ಸತ್ತರು.