ಹತ್ತು-ಹನ್ನೆರಡು ವರ್ಷದ ಮಕ್ಕಳಿಗೆ ಒಳ್ಳೆಯ ಜೀವನಚರಿತ್ರೆ ಹೇಗಿರಬೇಕು?

ಆ ವ್ಯಕ್ತಿ ಮಾಡಿದ ಕೆಲಸ ಏನು ಅಂತ ಓದಿದ ಮಗುವಿಗೆ ಅರ್ಥವಾಗಬೇಕು. ನಾನು ಮೊದಲು ನೋಡುವುದು ಇದನ್ನೇ.

ವಿಶ್ವೇಶ್ವರಯ್ಯನವರನ್ನು ತೆಗೆದುಕೊಳ್ಳಿ. 'ಮಹಾನ್ ಎಂಜಿನಿಯರ್, ಭಾರತರತ್ನ' ಎಂದು ಹತ್ತು ಸಲ ಬರೆದರೂ ಮಗುವಿಗೆ ಏನೂ ಸಿಗುವುದಿಲ್ಲ. ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅವರು ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಹಾಕಿದರು. ನೀರು ಒಂದು ಮಟ್ಟ ದಾಟಿದರೆ ಗೇಟು ತಾನೇ ತೆರೆಯುತ್ತದೆ, ಇಳಿದರೆ ತಾನೇ ಮುಚ್ಚುತ್ತದೆ. ಅಣೆಕಟ್ಟೆಯ ಗೋಡೆ ಎತ್ತರಿಸದೆಯೇ ಜಾಸ್ತಿ ನೀರು ನಿಲ್ಲಿಸಬಹುದು. ಇದನ್ನು ಒಂದು ಚಿತ್ರದ ಜೊತೆ ಬಿಡಿಸಿ ಹೇಳಿದರೆ ಮಗು ಆ ಪುಟ ಬಿಟ್ಟು ಏಳುವುದಿಲ್ಲ.

ಬೀದಿದೀಪದ ಕೆಳಗೆ ಓದಿದ ಕಥೆಯನ್ನು ಎಷ್ಟೋ ಜನರ ಬಗ್ಗೆ ಕೇಳಿದ್ದೇವೆ, ಅಲ್ವಾ? ಅಂಥದ್ದನ್ನು ಆಧಾರವಿಲ್ಲದೆ ಸುಮ್ನೆ ಸೇರಿಸಬಾರದು. ವಿಶ್ವೇಶ್ವರಯ್ಯನವರ ಬಗ್ಗೆಯಾದರೆ, ಚಿಕ್ಕ ವಯಸ್ಸಿನಲ್ಲಿ ತಂದೆ ತೀರಿಕೊಂಡದ್ದು, ಬೆಂಗಳೂರಿನಲ್ಲಿ ಬೇರೆ ಮಕ್ಕಳಿಗೆ ಪಾಠ ಹೇಳುತ್ತಾ ತಾವೂ ಓದಿದ್ದು, ಇಷ್ಟು ನಿಜವೇ ಸಾಕು.

ಕಷ್ಟದ ವಿಷಯವನ್ನೂ ಮುಚ್ಚಿಡಬಾರದು. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದವರಿಗೆ ಪಾಲು ಸಿಗಲಿ ಎಂದು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿ ಮಾಡಿದರು. ದಿವಾನರಾಗಿದ್ದ ವಿಶ್ವೇಶ್ವರಯ್ಯ ಅದನ್ನು ಒಪ್ಪಲಿಲ್ಲ, ಹುದ್ದೆ ಬಿಟ್ಟರು. ಇಬ್ಬರ ವಾದವನ್ನೂ ಸರಳವಾಗಿ ಇಟ್ಟರೆ ಹನ್ನೆರಡರ ಮಕ್ಕಳು ಖಂಡಿತ ಚರ್ಚೆ ಮಾಡುತ್ತಾರೆ. ಈ ಭಾಗವನ್ನೇ ಹಾರಿಸುವ ಪುಸ್ತಕ ಮಕ್ಕಳನ್ನು ನಂಬುವುದಿಲ್ಲ ಅನ್ನಿಸುತ್ತದೆ ನನಗೆ.

ಕೊನೆಯಲ್ಲಿ ಒಂದು ನಕ್ಷೆ, ಇಸವಿಗಳ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು.